ಜಪ್ಪಯ್ಯ ಅಂದರೂ ತಿರುಗದ ಎಂಜಿನ್

ಅಪ್ಪನ ಎಂಜಿನ್ನಿಗೆ ನಾನು ಕಾಲಿನಿಂದ ಒದ್ದೆ. ಒದೆಯಬಾರದಿತ್ತು, ನಿಜ. ಆದರೆ ಮೂರು ವಾರ ಅದರ ಮುಂದೆ ಮಣೆ ಹಾಕಿಕೊಂಡು ಕೂತು, ಸ್ಪ್ಯಾನರ್ ಜಾರಿ ಎರಡು ಬೆರಳಿನ ಗೆಣ್ಣು ಸುಲಿಸಿಕೊಂಡು, ಇದ್ದ ಎರಡು ಹಳೆಯ ಚೂಡಿದಾರಕ್ಕೂ ಕರಿ ಎಣ್ಣೆ ಮೆತ್ತಿಸಿಕೊಂಡ ಮೇಲೆ ಎಂಥವರಾದರೂ ಒದೆಯುತ್ತಾರೆ. ಒದ್ದದ್ದರಿಂದ ಎಂಜಿನ್ನಿಗೆ ಏನೂ ಆಗಲಿಲ್ಲ. ನನ್ನ ಹೆಬ್ಬೆರಳಿನ ಉಗುರು ಕಪ್ಪಾಯಿತು.

ಹಿತ್ತಲ ಬಾಗಿಲಲ್ಲಿ ಅಮ್ಮ ನಿಂತಿದ್ದಳು. "ಏನೇ ಅದು! ಪೂಜೆ ಮಾಡೋ ಸಾಮಾನಿಗೆ ಕಾಲಲ್ಲಿ ಒದಿತಾರೇನೇ? ಮುಟ್ಟಿ ಕಣ್ಣಿಗೊತ್ಕೋ."

ನನಗೆ ಅರವತ್ತೊಂದು. ಬ್ಯಾಂಕಿನಲ್ಲಿ ಕೆಲಸ ಮಾಡಿದಷ್ಟು ವರ್ಷ ಯಾವ ಮ್ಯಾನೇಜರಿಗೂ ಹೆದರಿದವಳಲ್ಲ. ಆದರೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಕೈ ತುಂಬ ಡೀಸೆಲ್ ಇದ್ದದ್ದು ಮರೆತೇ ಹೋಗಿತ್ತು. ಕಣ್ಣುರಿ ತಾಳಲಾರದೆ ನಲ್ಲಿಗೆ ಓಡಿದೆ. ಹಿಂದಿನಿಂದ ನನ್ನ ಗಂಡನ ದನಿ ಕೇಳಿತು: "ಎಂಜಿನ್ ಬಿಟ್ಟು ಮಿಕ್ಕಿದ್ದೆಲ್ಲ ಓಡ್ತಿದೆಯಪ್ಪಾ ಈ ಮನೇಲಿ."

ಚೆನ್ನೈನ ವೇಲಚೇರಿಯ ಈ ಮನೆಯನ್ನು ಅಪ್ಪ ಕಟ್ಟಿಸಿದಾಗ ಅದು ರಸ್ತೆಗಿಂತ ಎರಡು ಮೆಟ್ಟಿಲು ಎತ್ತರದಲ್ಲಿತ್ತು. ಆಗ ಅಪ್ಪ ರೈಲ್ವೆಯಲ್ಲಿದ್ದರು. ಕೆರೆಯಂಗಳದಲ್ಲಿ ಸೈಟು ಕೊಂಡ ಮೈಸೂರಿನವನು ಎಂದು ಆಫೀಸಿನವರು ನಕ್ಕಿದ್ದರಂತೆ. ಆಮೇಲೆ ಪ್ರತಿ ಸಲ ಟಾರು ಹಾಕುವಾಗಲೂ ಹಳೆಯದನ್ನು ಕೀಳದೆ ಅದರ ಮೇಲೇ ಹಾಕಿದರು. ರಸ್ತೆ ಏರುತ್ತ ಹೋಯಿತು, ಮನೆ ಇದ್ದಲ್ಲೇ ಇತ್ತು. ಈಗ ಗೇಟಿನಿಂದ ಅಂಗಳಕ್ಕೆ ನಾವು ಎರಡು ಮೆಟ್ಟಿಲು ಇಳಿಯುತ್ತೇವೆ. ಅಕ್ಟೋಬರಿನಲ್ಲಿ ಐಪ್ಪಸಿ ತಿಂಗಳ ಮಳೆ ಶುರುವಾದರೆ ಬೀದಿಯ ನೀರೆಲ್ಲ ನಮ್ಮನ್ನೇ ವಿಚಾರಿಸಿಕೊಂಡು ಬರುತ್ತದೆ.

ಅದಕ್ಕಾಗಿ ಅಪ್ಪ ಗೇಟಿಗೆ ಅಡ್ಡವಾಗಿ ಮೊಣಕಾಲೆತ್ತರದ ಕಟ್ಟೆ ಕಟ್ಟಿಸಿದರು. ಒಳಗೆ ಜಿನುಗಿದ ನೀರನ್ನು ಕಟ್ಟೆಯಾಚೆಗೆ ಎತ್ತಿ ಹಾಕುವುದಕ್ಕೆ ಈ ಎಂಜಿನ್ ತಂದರು. ಹಸಿರು ಬಣ್ಣದ, ನನಗಿಂತ ಹಳೆಯದಾದ ಪುಟ್ಟ ಪೆಟ್ರೋಲ್ ಎಂಜಿನ್, ಅದರ ಮೂತಿಗೆ ಒಂದು ಪಂಪು. ಗಾಲಿಗೆ ಹಗ್ಗ ಸುತ್ತಿ ಎಳೆದರೆ ಶುರುವಾಗುತ್ತಿತ್ತು. ತಲೆಯ ಮೇಲೆ ಬೆರಳಗಲದ ಒಂದು ಹಿತ್ತಾಳೆ ಬಟ್ಟಲು, ಅದರ ತಳದಲ್ಲಿ ಒಂದು ಪುಟ್ಟ ತಿರುಪು. ಅಪ್ಪ ಅದಕ್ಕೇನೋ ಹಾಕಿ, ತಿರುಪು ತಿರುಗಿಸಿ, ಹಗ್ಗ ಎಳೆಯುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಅದರ ಹತ್ತಿರ ಹೋಗಲು ಅಪ್ಪಣೆ ಇರಲಿಲ್ಲ. ಅಪ್ಪ ಇರುವವರೆಗೆ ನೀರು ನಮ್ಮ ಹೊಸ್ತಿಲು ದಾಟಿದ್ದು ನನಗೆ ನೆನಪಿಲ್ಲ.

ಅಪ್ಪ ಹೋಗಿ ಹತ್ತು ವರ್ಷವಾಯಿತು. ನಾವು ಕರೆಂಟಿನ ಮೋಟಾರು ತಂದೆವು. ಎಂಜಿನ್ ಹಿತ್ತಲ ಶೆಡ್ಡಿಗೆ ಸೇರಿತು. ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ಅಮ್ಮ ಅದನ್ನು ಒರೆಸಿ, ಗಂಧ ಕುಂಕುಮ ಇಟ್ಟು, ಹೂ ಮುಡಿಸಿ ಆರತಿ ಎತ್ತುತ್ತಿದ್ದಳು. ನಾನು ಗಂಟೆ ಬಾರಿಸುತ್ತಿದ್ದೆ. ಹತ್ತು ವರ್ಷ ಪೂಜೆ ನಡೆಯಿತು. ಒಂದು ದಿನವಾದರೂ ಹಗ್ಗ ಎಳೆದು ನೋಡೋಣ ಎಂದು ನಮಗ್ಯಾರಿಗೂ ಅನ್ನಿಸಲಿಲ್ಲ.

ಕಳೆದ ಮಳೆಗಾಲದಲ್ಲಿ ಬೆಳಿಗ್ಗೆ ಹತ್ತಕ್ಕೆ ಕರೆಂಟು ತೆಗೆದರು. ಮೋಟಾರು ನಿಂತಿತು. ನಾನು ಶೆಡ್ಡಿಗೆ ಓಡಿ, ಗಾಲಿಗೆ ಹಗ್ಗ ಸುತ್ತಿ ಎಳೆದೆ. ಗೋಡೆಯನ್ನು ಎಳೆದ ಹಾಗಾಯಿತು. ಗಂಡನೂ ಎಳೆದರು. ಜಪ್ಪಯ್ಯ ಅಂದರೂ ಗಾಲಿ ಒಂದೆಳೆಯಷ್ಟೂ ತಿರುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಂಜಿನ್ನೇ ನೀರಿನಲ್ಲಿ ಮುಳುಗಿತ್ತು, ಅಮ್ಮನ ಮಂಚದ ಹಾಸಿಗೆ ತೇಲುತ್ತಿತ್ತು. ಪಕ್ಕದ ಬೀದಿಯಿಂದ ಇಬ್ಬರು ಬಂದು, ಅಮ್ಮನನ್ನು ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಸೊಂಟದವರೆಗಿನ ನೀರಿನಲ್ಲಿ ಹೆಗಲ ಮೇಲೆ ಹೊತ್ತುಕೊಂಡು ಹೋದರು. ಒಳ್ಳೆಯವರು, ಅವರ ಹೊಟ್ಟೆ ತಣ್ಣಗಿರಲಿ. ಆದರೆ ಎದುರಿನ ಫ್ಲ್ಯಾಟುಗಳ ಬಾಲ್ಕನಿಯಲ್ಲಿ ಜನ ಫೋನು ಹಿಡಿದು ನಿಂತಿದ್ದರು. ಅಮ್ಮನಿಗೆ ಆಗ ಎಂಬತ್ತೆರಡು. ಒದ್ದೆ ಸೀರೆಯನ್ನು ಮೊಣಕಾಲಿಗೆ ಒತ್ತಿ ಹಿಡಿದುಕೊಂಡು, ತಲೆ ತಗ್ಗಿಸಿ ಕೂತಿದ್ದಳು. ಹಿಂದೆ ನಡೆಯುತ್ತಿದ್ದ ನನಗೆ ಅವಳ ತುರುಬು ಮಾತ್ರ ಕಾಣುತ್ತಿತ್ತು.

ಈ ವರ್ಷ ಸೆಪ್ಟೆಂಬರಿನಲ್ಲಿ ಆವಣಿ ತಿಂಗಳು ಮುಗಿಯುತ್ತಿದ್ದ ಹಾಗೆ ಅಮ್ಮ ಹೇಳಿದಳು. "ಮಳೆಗೆ ಮುಂಚೆ ನನ್ನ ಯಾವುದಾದ್ರೂ ವೃದ್ಧಾಶ್ರಮಕ್ಕೆ ಸೇರಿಸ್ಬಿಡು. ತಾಂಬರಂ ಕಡೆ ಒಂದಿದೆಯಂತೆ, ಮೂರನೇ ಮಹಡೀಲಿ. ಆ ಕುರ್ಚಿ ಮೇಲೆ ಮಾತ್ರ ನನ್ನ ಇನ್ನೊಂದ್ಸಲ ಕೂರಿಸ್ಬೇಡ."

ಹೊಸ ಪೆಟ್ರೋಲ್ ಪಂಪೇ ತರೋಣ ಎಂದರು ನನ್ನ ಗಂಡ. ಅಮ್ಮ ಕೇಳಲಿಲ್ಲ. "ಕರೆಂಟ್ ಮೋಟ್ರೂ ಹೊಸದೇ ಅಲ್ವೇ ಇದ್ದಿದ್ದು? ಏನ್ ಕಿಸೀತು? ನಿಮ್ಮಪ್ಪನ ಎಂಜಿನ್ ಓಡೋ ಹಂಗಿದ್ರೆ ಇರ್ತೀನಿ. ಇಲ್ದಿದ್ರೆ ಇಲ್ಲ."

"ಓಡಿಸ್ತೀನಿ ಬಿಡು," ಎಂದೆ ನಾನು. ಬಾಯಿಗೆ ಬಂದದ್ದನ್ನು ಆಡಿ ಸಿಕ್ಕಿಹಾಕಿಕೊಳ್ಳುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಅಮ್ಮ ತಲೆಯಾಡಿಸಿದಳು. ಆದರೂ ಅವತ್ತೇ ಸಂಜೆ ಒಂದು ಬಟ್ಟೆಯ ಚೀಲಕ್ಕೆ ನಾಲ್ಕು ಸೀರೆ, ಪೂಜೆಯ ಸಾಮಾನು ತುಂಬಿ ಮಂಚದ ಕೆಳಗೆ ಇಟ್ಟುಕೊಂಡಳು.

ಹೀಗೆ ಶುರುವಾಯಿತು ನನ್ನ ಗ್ರಹಚಾರ. ಫೋನಿನಲ್ಲಿ ವಿಡಿಯೋ ನೋಡಿದೆ. ಯಾವುದೋ ದೇಶದ ಒಬ್ಬ ಮನುಷ್ಯ, ಕಲೆಯಿಲ್ಲದ ಏಪ್ರನ್ ಕಟ್ಟಿಕೊಂಡು, ಇಂಥದ್ದೇ ಕಚ್ಚಿಕೊಂಡ ಎಂಜಿನ್ನನ್ನು ಹನ್ನೊಂದು ನಿಮಿಷದಲ್ಲಿ ಬಿಡಿಸಿ, ನಕ್ಕು, ಕಾಫಿ ಕುಡಿದ. ನಾನು ಮೊದಲು ಪಂಪನ್ನು ಬಿಚ್ಚಿದೆ. ಪಂಪು ಬೆರಳಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. ಹಾಗಾದರೆ ಕಚ್ಚಿಕೊಂಡಿರುವುದು ಒಳಗಿನ ಪಿಸ್ಟನ್ನು. ನೀರಲ್ಲಿ ಮುಳುಗಿತ್ತಲ್ಲ, ತುಕ್ಕೇ ಇರಬೇಕೆಂದು ತೀರ್ಮಾನಿಸಿದೆ. ಮುಳುಗುವ ಮೊದಲೇ ಅದು ತಿರುಗಿರಲಿಲ್ಲ ಎಂಬುದು ಈ ಬುದ್ಧಿವಂತೆಗೆ ಹೊಳೆಯಲಿಲ್ಲ.

ಪ್ಲಗ್ಗು ಬಿಚ್ಚಿ ಆ ತೂತಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ನಾಲ್ಕು ದಿನ ಕಾದೆ. ಡೀಸೆಲ್ ಹುಯ್ದು ಒಂದು ವಾರ ಬಿಟ್ಟೆ. ಸೀಮೆಎಣ್ಣೆ ಹುಯ್ಯಿ ಎಂದರು ಯಾರೋ. ಈ ಊರಲ್ಲಿ ಈಗ ಸೀಮೆಎಣ್ಣೆ ಎಲ್ಲಿದೆ? ಮೂರು ದಿನ ಅಲೆದು, ಹಳೆಯ ಸಹೋದ್ಯೋಗಿಯೊಬ್ಬಳ ಅಟ್ಟದ ಮೇಲಿದ್ದ ಒಂದು ಸೀಸೆ ತಂದು ಹುಯ್ದೆ. ಪ್ರತಿ ಬೆಳಿಗ್ಗೆ ಎದ್ದು, ಮುಖ ತೊಳೆಯುವುದಕ್ಕೂ ಮುಂಚೆ ಹೋಗಿ ಗಾಲಿ ಹಿಡಿದು ತಿರುಗಿಸುವುದು, ಅದು ತಿರುಗದಿರುವುದು. ತಲೆ ಕೆಟ್ಟು ಕೆರ ಹಿಡಿದು ಹೋಯಿತು. ಕೊನೆಗೆ ಗಾಲಿಯ ರೆಕ್ಕೆಗಳ ನಡುವೆ ಕಬ್ಬಿಣದ ಪೈಪು ತೂರಿಸಿ ಅದರ ಮೇಲೆ ನಿಂತೆ. ಟಣ್ ಎಂದಿತು. ಬಿಟ್ಟಿತಪ್ಪಾ ಎಂದು ಜೀವ ಹಿಗ್ಗಿತು. ನೋಡಿದರೆ, ಗಾಲಿಯ ಒಂದು ರೆಕ್ಕೆ ಮುರಿದು ನನ್ನ ಕಾಲಿನ ಹತ್ತಿರ ಬಿದ್ದಿತ್ತು. ಒದ್ದದ್ದು ಅವತ್ತೇ.

ಬೀದಿ ಕೊನೆಯ ಸ್ಕೂಟರ್ ಮೆಕ್ಯಾನಿಕ್ಕು ಬಂದು ನೋಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಇದನ್ನು ಮ್ಯೂಸಿಯಮ್ಮಿಗೆ ಕೊಡಿ ಮೇಡಂ ಎಂದ. ತಲೆಯ ನಟ್ಟುಗಳನ್ನಾದರೂ ಬಿಚ್ಚಿಕೊಡಪ್ಪಾ ಎಂದರೆ, ಒಂದನ್ನು ನೀವಾಗಲೇ ಗುಂಡಗೆ ಸವೆಸಿಬಿಟ್ಟಿದ್ದೀರಲ್ಲ ಎಂದ. ಸವೆಸಿದ್ದೆ, ನಿಜ. ಅದನ್ನು ಅವನು ಅಷ್ಟು ಗಟ್ಟಿಯಾಗಿ, ನನ್ನ ಗಂಡನ ಎದುರಿಗೇ ಹೇಳಬೇಕಾಗಿರಲಿಲ್ಲ.

ಆಯುಧ ಪೂಜೆಗೆ ಹನ್ನೆರಡು ದಿನವಿತ್ತು. ಆಗ ನೆನಪಾದವನು ಎಣ್ಣೂರಿನ ಒಬ್ಬ ಮೆಕ್ಯಾನಿಕ್ಕು. ಸರ್ವೀಸಿನಲ್ಲಿದ್ದಾಗ ನಾಲ್ಕು ವರ್ಷ ನನ್ನನ್ನು ಎಣ್ಣೂರಿಗೆ ಹಾಕಿದ್ದರು. ಮೀನುಗಾರರ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ ಇವನು, ಕೌಂಟರಿಗೆ ಬಂದಾಗಲೆಲ್ಲ ಪೆನ್ನಿಗೆ ಗ್ರೀಸು ಮೆತ್ತಿ ನನ್ನ ಕೈಲಿ ಬೈಸಿಕೊಳ್ಳುತ್ತಿದ್ದ. ಫೋನು ಮಾಡಿದೆ. ಭಾನುವಾರ ಬೆಳಿಗ್ಗೆ ಗೋಣಿಚೀಲದ ತುಂಬ ಸಾಮಾನು ಹೊತ್ತುಕೊಂಡು ಬಂದೇಬಿಟ್ಟ. ತಲೆಯೆಲ್ಲ ಬೆಳ್ಳಗಾಗಿತ್ತು. ಎಂಜಿನ್ನನ್ನು ಒಂದು ಸುತ್ತು ನೋಡಿ, ಮುರಿದ ರೆಕ್ಕೆಯನ್ನು ಮುಟ್ಟಿ, "ಯಾರುಕ್ಕಾ ಇದು?" ಎಂದ. ನಾನೇ ಎಂದೆ. "ಕೋಪಂ ಇನ್ನುಂ ಅಪ್ಪಡಿಯೇ ಇರುಕ್ಕು," ಎಂದು ನಕ್ಕ. ಸಿಟ್ಟು ಇನ್ನೂ ಹಾಗೇ ಇದೆ ಎಂದು.

ಅವನು ನಟ್ಟುಗಳನ್ನು ಬಿಸಿ ಮಾಡಿದ, ತಟ್ಟಿದ, ಕಾದ, ಮತ್ತೆ ತಟ್ಟಿದ. ನನ್ನ ಹಾಗೆ ಒಂದಕ್ಕೂ ಬಲ ಹಾಕಲಿಲ್ಲ. ಒಂದು ಗಂಟೆಯಲ್ಲಿ ಎಂಜಿನ್ನಿನ ತಲೆ ಕೈಗೆ ಬಂತು. ಇಬ್ಬರೂ ಬಗ್ಗಿ ನೋಡಿದೆವು. ಕೆಂಪು ತುಕ್ಕು ಇರುತ್ತದೆಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ತುಕ್ಕಿನ ಸುಳಿವೂ ಇರಲಿಲ್ಲ. ಪಿಸ್ಟನ್ನಿನ ಮೇಲೆ, ಸುತ್ತಲೂ, ಜೇನಿನ ಬಣ್ಣದ ಗಟ್ಟಿ ಅಂಟು ಇತ್ತು. ತೊಳೆಯದೆ ಬಿಟ್ಟ ದೀಪದ ಕಂಬದ ತಳದಲ್ಲಿ ಕಟ್ಟಿಕೊಳ್ಳುತ್ತದಲ್ಲ, ಅಂಥದ್ದು. ಅವನು ಉಗುರಿನಿಂದ ಕೆರೆದು ಮೂಸಿ ನೋಡಿ, ನನ್ನ ಮೂಗಿನ ಹತ್ತಿರ ಹಿಡಿದ. ಹರಳೆಣ್ಣೆ!

ಮೂರು ವಾರದ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು. "ಯಾವ ಮುಠ್ಠಾಳ ಎಂಜಿನ್ನಿಗೆ ಹರಳೆಣ್ಣೆ ಹುಯ್ದಿದ್ದು?" ಎಂದು ಕಿರುಚಿದೆ. "ಬುದ್ಧಿ ಅನ್ನೋದು ಇದೆಯಾ? ಕೈ ಮುರಿಯ! ಮನೆಯವರನ್ನೆಲ್ಲ ನೀರಲ್ಲಿ ಮುಳುಗಿಸಿದನಲ್ಲಾ!"

"ನಾನೇ ಕಣೆ," ಎಂದಳು ಅಮ್ಮ.

ಮೆಕ್ಯಾನಿಕ್ಕಿಗೆ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಲೋಟವನ್ನು ನೆಲದ ಮೇಲೆ ಇಟ್ಟಳು.

"ನಿಮ್ಮಪ್ಪ ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಹೇಳಿದ್ರು, ಎಂಜಿನ್ನಿಗೆ ಎಣ್ಣೆ ಹಾಕೋದು ಮರೀಬೇಡ, ಇಲ್ದಿದ್ರೆ ತುಕ್ಕು ಹಿಡಿಯತ್ತೆ ಅಂತ. ಯಾವ ಎಣ್ಣೆ ಅಂತ ಅವ್ರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಆಮೇಲೆ ಕೇಳೋಕೆ ಅವ್ರೆಲ್ಲಿದ್ರು? ವರ್ಷದ ಬೇಳೆಗೆ ಹರಳೆಣ್ಣೆ ಸವರಿಟ್ರೆ ಹುಳ ಮುಟ್ಟಲ್ಲ. ಕಬ್ಬಿಣಕ್ಕೂ ಒಳ್ಳೇದೇ ಇರ್ಬೇಕು ಅಂದ್ಕೊಂಡೆ. ಪೂಜೆ ದಿನ ಆ ಬಟ್ಟಲಿಗೆ ಎರಡು ಉದ್ಧರಣೆ ಹಾಕಿ ತಿರುಪು ತಿರುಗಿಸ್ತಿದ್ದೆ. ನೀನು ಗಂಟೆ ಬಾರಿಸ್ತಿದ್ದೆ."

ನಿಜ, ನಾನು ಗಂಟೆ ಬಾರಿಸುತ್ತಿದ್ದೆ. ಅಪ್ಪನ ಸಂಧ್ಯಾವಂದನೆಯ ಆ ಪುಟ್ಟ ಬೆಳ್ಳಿ ಚಮಚ ಅಮ್ಮನ ಕೈಯಲ್ಲಿರುತ್ತಿದ್ದುದನ್ನು ನೋಡಿದ್ದೆ. ತೀರ್ಥ ಪ್ರೋಕ್ಷಣೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ. ಸುಳ್ಳೇಕೆ, ಆ ಹೊತ್ತಿನಲ್ಲಿ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಹೊಟ್ಟೆಕಿಚ್ಚು. ಎಂಜಿನ್ನಿನ ವಿಷಯ ಅಪ್ಪ ಅಮ್ಮನಿಗೆ ಹೇಳಿ ಹೋಗಿದ್ದರು, ನನಗೆ ಹೇಳಿರಲಿಲ್ಲ.

ಅಮ್ಮ ಒಳಗೆ ಹೋದಳು. ಹೋಗುವಾಗ, "ಹಂಗಾದ್ರೆ ಆ ಕುರ್ಚಿ ಗತಿ ನಾನೇ ಕೈಯಾರೆ ಮಾಡ್ಕೊಂಡಿದ್ದು ಅನ್ನು," ಎಂದಳು.

ಮೆಕ್ಯಾನಿಕ್ಕಿಗೆ ಕನ್ನಡ ಬಾರದಿದ್ದರೂ ಎಲ್ಲ ಅರ್ಥವಾಗಿತ್ತು. ಅಜ್ಜಿ ಎಣ್ಣೆ ಹಾಕದೆ ಇದ್ದಿದ್ದರೆ, ಆ ನೀರಿನಲ್ಲಿ ಮುಳುಗಿದ್ದಕ್ಕೆ ಇದು ತುಕ್ಕು ತಿಂದು ಆಗಲೇ ಸತ್ತುಹೋಗಿರುತ್ತಿತ್ತು ಎಂದ ಅವನು ತಮಿಳಿನಲ್ಲಿ. ನಮ್ಮ ಕಡಲ ತೀರದಲ್ಲಿ ತಿಂಗಳಿಗೆ ಹತ್ತು ಎಂಜಿನ್ ಹಾಗೇ ಸಾಯುತ್ತವೆ ಎಂದ. ಈ ಮಾತನ್ನು ಅಮ್ಮನಿಗೆ ಹೋಗಿ ಹೇಳಬೇಕಾದವಳು ನಾನು. ಹೇಳಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಡೀಸೆಲ್ಲು, ಸೀಮೆಎಣ್ಣೆಗೆಲ್ಲ ಈ ಅಂಟು ಕರಗುವುದಿಲ್ಲವಂತೆ. ಇದಕ್ಕೆ ಬೇಕಾದದ್ದು ಸ್ಪಿರಿಟ್ಟು ಮತ್ತು ಶಾಖ. ಸ್ಪಿರಿಟ್ಟು ನಮ್ಮ ಮನೆಯಲ್ಲೇ ಇತ್ತು. ಅಮ್ಮನಿಗೆ ದಿನಾ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಡುವ ಮುಂಚೆ ಹತ್ತಿಗೆ ಹಾಕಿ ಒರೆಸುವ ಸೀಸೆ, ಫ್ರಿಜ್ಜಿನ ಮೇಲೆ. ಮೂರು ವಾರ ಊರೆಲ್ಲ ಅಲೆದವಳು ದಿನಕ್ಕೆರಡು ಸಲ ಅದನ್ನು ಕೈಯಲ್ಲಿ ಹಿಡಿದಿದ್ದೆ. ಮೆಕ್ಯಾನಿಕ್ಕು ಅದನ್ನು ಪಿಸ್ಟನ್ನಿನ ಮೇಲೆ ಹುಯ್ದು, ಮಧ್ಯಾಹ್ನದವರೆಗೆ ನೆನೆಯಲು ಬಿಟ್ಟು, ಬಟ್ಟೆಯಿಂದ ಒರೆಸಿ ತೆಗೆದು, ಹೊರಗಿನಿಂದ ಕುದಿಯುವ ನೀರು ಸುರಿದು, ಮರದ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಏಳನೆಯದೋ ಎಂಟನೆಯದೋ ಏಟಿಗೆ ಪಿಸ್ಟನ್ನು ಕೂದಲೆಳೆಯಷ್ಟು ಸರಿಯಿತು. ಅಳು ಬಂತು ನನಗೆ. ಅವನ ಮುಂದೆ ಅಳುವುದೆಂದರೇನು ಎಂದು ಮುಖ ತಿರುಗಿಸಿ ಗಂಡನನ್ನು ಬೈದೆ.

ಮುಂದಿನ ಭಾನುವಾರ ಅವನು ಹೊಸ ರಿಂಗುಗಳನ್ನು ಹಾಕಿ, ಎಲ್ಲ ತೊಳೆದು ಜೋಡಿಸಿ, ಎಂಜಿನ್ನನ್ನು ಅಂಗಳಕ್ಕೆ ತಂದು ಜಗುಲಿ ಪಕ್ಕದ ಕಲ್ಲಿನ ಮೇಲೆ ಕೂರಿಸಿ, ಸಿರಿಂಜಿನಲ್ಲಿ ಪ್ಲಗ್ಗಿನ ತೂತಿಗೆ ಒಂದಿಷ್ಟು ಪೆಟ್ರೋಲ್ ಬಿಟ್ಟು ಹಗ್ಗ ಎಳೆದ. ಎಂಜಿನ್ ಕೆಮ್ಮಿ, ಹೊಗೆಯುಗುಳಿ, ಓಡಿತು. ನಾನು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆ. ಅಮ್ಮ ಹೊರಗೆ ಬರಲಿಲ್ಲ. "ಓಡ್ತಲ್ಲಮ್ಮಾ!" ಎಂದು ಒಳಗೆ ಓಡಿಹೋಗಿ ಹೇಳಿದರೆ, "ಮಳೇಲಿ ಓಡ್ಲಿ, ನೋಡೋಣ," ಎಂದಳು. ಚೀಲ ಮಂಚದ ಕೆಳಗೇ ಇತ್ತು.

ಅವನು ಹೋದ ಮೇಲೆ ನಾನೊಂದು ಕೆಲಸ ಮಾಡಿದೆ. ಯಾರೂ ಇನ್ನೇನೂ ಹುಯ್ಯದಿರಲಿ ಎಂದು ಆ ಹಿತ್ತಾಳೆ ಬಟ್ಟಲಿಗೆ ಬಟ್ಟೆ ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿಬಿಟ್ಟೆ. ಯಾರೂ ಎಂದರೆ ಮನೆಯಲ್ಲಿ ಇನ್ಯಾರಿದ್ದಾರೆ? ಆಯುಧ ಪೂಜೆಯ ದಿನ ಅಮ್ಮ ಮಿಕ್ಸಿಗೆ, ಸ್ಕೂಟರಿಗೆ, ಈಳಿಗೆಮಣೆಗೆ ಕುಂಕುಮ ಇಟ್ಟಳು. ಎಂಜಿನ್ನಿನ ಹತ್ತಿರ ಬಂದಾಗ ಕಟ್ಟಿದ ಬಟ್ಟೆಯನ್ನು ಒಂದು ಗಳಿಗೆ ನೋಡಿ, ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ನೀನೇ ಇಡು. ನನ್ನ ಕೈ ಬೇಡ."

ತಪ್ಪಾಯ್ತಮ್ಮ ಎನ್ನಬೇಕಿತ್ತು. ಅದರ ಬದಲು ತಟ್ಟೆ ಹಿಡಿದೆ. ಕುಂಕುಮ ಇಟ್ಟೆ. ಗಂಟೆ ಯಾರೂ ಬಾರಿಸಲಿಲ್ಲ.

ಹತ್ತು ದಿನ ಕಳೆದು ಮಳೆ ಹಿಡಿಯಿತು. ಎರಡನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ನೀರು ಕಾಣಿಸಿತು. ಒಂಬತ್ತಕ್ಕೆ ಕರೆಂಟು ತೆಗೆದರು. ನಾನು ಸೀರೆ ಎತ್ತಿ ಕಟ್ಟಿ, ಪೈಪನ್ನು ಕಟ್ಟೆಯಾಚೆ ಎಸೆದು, ಹಗ್ಗ ಸುತ್ತಿ ಎಳೆದೆ. ಗಾಲಿ ಸರಾಗವಾಗಿ ತಿರುಗಿತು. ಎಂಜಿನ್ ಮಾತ್ರ ಉಸಿರೆತ್ತಲಿಲ್ಲ. ಎಳೆದೆ, ಎಳೆದೆ. ಇಪ್ಪತ್ತು ಸಲ ಎಳೆದಿರಬೇಕು. ಸಿರಿಂಜು ಹುಡುಕಿದರೆ ಅವನು ಅದನ್ನು ತೆಗೆದುಕೊಂಡು ಹೋಗಿದ್ದ. ಪ್ಲಗ್ಗಿನ ಸ್ಪ್ಯಾನರ್ ನೀರಿಗೆ ಬಿದ್ದು ಎಲ್ಲಿ ಹೋಯಿತೋ. ಗಂಡ ಎಳೆಯಲು ಬಂದು ಸೊಂಟ ಹಿಡಿದುಕೊಂಡು ನಿಂತರು. ಅಂಗಳದ ನೀರು ಜಗುಲಿಯ ಮೊದಲ ಮೆಟ್ಟಿಲು ನುಂಗಿತು. ಥೂ ನಿನ್ನ, ಮುಂಡೇದೇ, ಹಾಳಾಗಿ ಹೋಗು ಎಂದು ಮಳೆಗೂ ಎಂಜಿನ್ನಿಗೂ ಒಟ್ಟಿಗೆ ಬೈದೆ. ಮತ್ತೆ ಒದೆಯಲು ಕಾಲೆತ್ತಿದ್ದೆ.

"ಬಟ್ಟಲಿಗೆ ಪೆಟ್ರೋಲ್ ಹಾಕಿದ್ಯೇನೇ?"

ಅಮ್ಮ ಜಗುಲಿಯ ಮೇಲೆ ನಿಂತಿದ್ದಳು.

"ಯಾವ ಬಟ್ಟಲಿಗೆ?"

"ನೀನು ಕಟ್ಟಿಟ್ಟಿದ್ದೀಯಲ್ಲ, ಅದಕ್ಕೆ. ಮಳೇಲಿ ಅದು ಹಂಗೇ ಏಳಲ್ಲ. ನಿಮ್ಮಪ್ಪ ಮೊದ್ಲು ಅದಕ್ಕೆ ಪೆಟ್ರೋಲ್ ಹಾಕಿ ಒಳಗೆ ಬಿಡ್ತಿದ್ರು. ಬಿಚ್ಚು ಅದನ್ನ. ಕೊಂಜ ಇರು, ಬಂದೆ."

ನೆನೆದ ದಾರದ ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದೆ. ಒಳಗೆ ಮಂಚದ ಕೆಳಗಿನಿಂದ ಚೀಲ ಎಳೆದ ಸದ್ದು ಕೇಳಿತು. ಅಮ್ಮ ಅದನ್ನು ಹಾಸಿಗೆಯ ಮೇಲೆ ಸುರುವಿ, ಸೀರೆಗಳನ್ನೆಲ್ಲ ಅತ್ತಿತ್ತ ಎಸೆದು ಹುಡುಕುವುದು ಕಿಟಕಿಯಲ್ಲಿ ಕಂಡಿತು. ಆಮೇಲೆ ಕೊಡೆ ಹಿಡಿದು, ಗೋಡೆ ಹಿಡಿದು, ಒಂದೊಂದೇ ಹೆಜ್ಜೆ ನೀರಿನಲ್ಲಿ ಇಳಿದು ಬಂದಳು. ಕೈಯಲ್ಲಿ ಅಪ್ಪನ ಉದ್ಧರಣೆ ಇತ್ತು.

"ಹಾಕ್ಲಾ?" ಎಂದು ನನ್ನನ್ನು ಕೇಳಿದಳು. ಎಂಬತ್ತಮೂರರ ಅಮ್ಮ ನನ್ನ ಅಪ್ಪಣೆ ಕೇಳುತ್ತಿದ್ದಳು. ಅದಕ್ಕಿಂತ ಅವಳು ನನ್ನ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

"ಹಾಕಮ್ಮಾ. ತಪ್ಪಾಯ್ತು ನಂದು. ಅವತ್ತು ನೀನು ಎಣ್ಣೆ ಹಾಕ್ದೆ ಇದ್ದಿದ್ರೆ ತುಕ್ಕು ಹಿಡಿದು ಸತ್ತೇ ಹೋಗ್ತಿತ್ತಂತೆ ಇದು. ಅವನು ಹೇಳ್ದ. ನಾನೇ ನಿಂಗೆ ಹೇಳ್ಲಿಲ್ಲ."

ಗಂಡ ಪೆಟ್ರೋಲ್ ಡಬ್ಬಿ ಹಿಡಿದರು. ಅಮ್ಮ ಅದರಿಂದ ಎರಡು ಉದ್ಧರಣೆ ಎಣಿಸಿ ಬಟ್ಟಲಿಗೆ ಹಾಕಿದಳು. ತಿರುಪು ತಿರುಗಿಸಿದಳು, ಬಟ್ಟಲು ಖಾಲಿಯಾಗುವುದನ್ನು ಬಗ್ಗಿ ನೋಡಿದಳು, ಮತ್ತೆ ತಿರುಪು ಮುಚ್ಚಿದಳು. "ಈಗ ಎಳಿ."

ಎಳೆದೆ. ಒಂದೇ ಎಳೆತಕ್ಕೆ ಹಿಡಿಯಿತು. ಪೈಪು ನಡುಗಿ, ಉಬ್ಬಿ, ಕಟ್ಟೆಯಾಚೆಗೆ ಕೆಂಪು ನೀರನ್ನು ಕಾರಿತು.

ಮೂರು ಗಂಟೆಯವರೆಗೆ ಎಂಜಿನ್ ಓಡಿತು. ನೀರು ಜಗುಲಿ ಹತ್ತಲಿಲ್ಲ. ಅಮ್ಮ ಆ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ಎಳೆದು ತಂದು, ಜಗುಲಿಯ ಒಣ ನೆಲದ ಮೇಲೆ ಹಾಕಿಕೊಂಡು, ಅದರಲ್ಲಿ ಕೂತು ಅಂಗಳ ನೋಡುತ್ತಿದ್ದಳು. ನಾನು ಹೋಗಿ ಅವಳ ಕಾಲಿನ ಹತ್ತಿರ ಕೂತೆ.

"ಏನೇ," ಎಂದಳು ಎಂಜಿನ್ನಿನ ಸದ್ದಿನ ಮೇಲೆ ಕೂಗಿ, "ಮುಠ್ಠಾಳ ಅಂದ್ಯಲ್ಲ ಅವತ್ತು. ಆ ಮುಠ್ಠಾಳನ ಸೀರೆಗಳೆಲ್ಲ ಹಾಸಿಗೆ ಮೇಲೆ ಚೆಲ್ಲಾಡಿವೆ. ಹೋಗು, ಮಡಚಿ ಬೀರುವಿನಲ್ಲಿಡು."